ಬೆಣ್ಣೆ ಸುರುಳಿಯ ಹೊಳಪು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಹದಿನೇಳನೇ ಶತಮಾನದ ಚಿತ್ರಕಾರ್ತಿ ಕ್ಲಾರಾ ಪೀಟರ್ಸ್‌ಳ ಚೀಸ್ ಚಿತ್ರವನ್ನು ನಕಲು ಮಾಡಬೇಕೆಂದಿದ್ದೀಯಲ್ಲ, ಬಹಳ ಸಂತೋಷ. ಕೈ ಪಳಗಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು. ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಮೌರಿತ್ಸ್‌ಹೌಸ್ ಎಂಬ ಕಲಾ ಸಂಗ್ರಹಾಲಯದಲ್ಲಿರುವ ಈ ಚಿತ್ರ ಸುಮಾರು 1615ರದ್ದು. ಚೀಸ್, ಬೆಣ್ಣೆ, ಬಾದಾಮಿ, ಒಣ ಅಂಜೂರ, ಕೋಡುಬಳೆಯನ್ನು ನೆನಪಿಸುವ ಪ್ರೆಟ್ಜೆಲ್, ವೈನ್ ಗ್ಲಾಸು, ಇಷ್ಟೂ 34.5 × 49.5 ಸೆಂ.ಮೀ. ಹಲಗೆಯಲ್ಲಿ ಕೂತಿವೆ. ನೀನೂ ಅದೇ ಅಳತೆ ಇಟ್ಟುಕೋ. ದೊಡ್ಡದು ಮಾಡಿದರೆ ವಸ್ತುಗಳ ಒತ್ತೊತ್ತು ಸಡಿಲವಾಗಿ ಊಟದ ಸಮೃದ್ಧಿಯೇ ಹೋಗಿಬಿಡುತ್ತದೆ.

ಹಲಗೆಯ ತಯಾರಿಯಲ್ಲಿ ಅವಸರ ಬೇಡ. ಒಂದು ಲೀಟರ್ ನೀರಿಗೆ 70 ಗ್ರಾಂ ಮೊಲದ ಚರ್ಮದ ಅಂಟು ಹಾಕಿ ರಾತ್ರಿಯಿಡೀ ನೆನೆಸು. ಬೆಳಿಗ್ಗೆ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸು, ಕುದಿಸಬೇಡ. ಕುದ್ದರೆ ಅಂಟಿನ ಹಿಡಿತ ಹೋಗುತ್ತದೆ. ಇದರಲ್ಲಿ ಸ್ವಲ್ಪ ತೆಗೆದು ಹಲಗೆಯ ಎರಡೂ ಮೈಗೆ ಬಳಿ. ಮುಂದೆ ಮಾತ್ರ ಬಳಿದರೆ ಮಳೆಗಾಲದಲ್ಲಿ ಹಲಗೆ ಬಾಗುತ್ತದೆ. ಉಳಿದದ್ದಕ್ಕೆ ಸೀಮೆಸುಣ್ಣದ ಪುಡಿಯನ್ನು ಜರಡಿ ಹಿಡಿದು ಸೇರಿಸುತ್ತಾ ಕೆನೆಯ ಹದಕ್ಕೆ ತಾ. ಜೋರಾಗಿ ಕಲಕಿದರೆ ಗಾಳಿ ಸೇರಿ, ಒಣಗಿದ ಮೇಲೆ ಸೂಜಿಮೊನೆಯಂಥ ತೂತು ಬೀಳುತ್ತವೆ. ಐದಾರು ತೆಳು ಲೇಪ ಸಾಕು, ಒಂದು ಅಡ್ಡ, ಒಂದು ಉದ್ದ. ಆಮೇಲೆ ಉಜ್ಜಿ ನಯ ಮಾಡಿ, ಮೇಲೆ ತೆಳುವಾದ ಕಂದು ಲೇಪ ಕೊಡು.

ಇನ್ನು ಬಣ್ಣ. ಹಿನ್ನೆಲೆಯ ಕತ್ತಲನ್ನು ಕೊನೆಗಿಡಬೇಡ. ಅದೇ ಮೊದಲು. ಕೊನೆಯಲ್ಲಿ ಚೀಸಿನ ಸುತ್ತ ಕಪ್ಪು ತುಂಬಿದರೆ ಕತ್ತರಿಸಿ ಅಂಟಿಸಿದ ಕಾಗದದ ಹಾಗೆ ಕಾಣುತ್ತದೆ. ಕೆಳಪದರಕ್ಕೆ ಅಗಸೆ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು. ಈ ಕ್ರಮ ತಪ್ಪಿದರೆ ಮೇಲಿನ ಪದರ ಬಿರುಕು ಬಿಡುವುದು ಖಂಡಿತ.

ಈ ಚಿತ್ರದ ವೈಭವ ಇರುವುದು ಪದಾರ್ಥಗಳ ಎಣಿಕೆಯಲ್ಲಲ್ಲ, ಅವುಗಳ ಮೈಯಲ್ಲಿ. ಚೀಸನ್ನು ಕೊಯ್ದ ಮೈ ಒರಟು, ಅಲ್ಲಿ ಬೆಳಕು ಹೊಳೆಯುವುದಿಲ್ಲ, ಹರಡುತ್ತದೆ. ಅದಕ್ಕೆ ದಪ್ಪ, ಒಣ ಬಣ್ಣ ಹಾಕಿ ಕುಂಚವನ್ನು ಮೇಲೆ ಮೇಲೆ ಎಳೆ. ಬೆಣ್ಣೆ ಸುರುಳಿ ಹಾಗಲ್ಲ. ಅದರ ನೆರಳು ಬೂದಿಯಲ್ಲ, ಬೆಚ್ಚನೆಯ ಹಳದಿ. ಅಂಚು ಮೆತ್ತಗೆ, ಹೊಳಪು ಏಣಿನ ಮೇಲೆ ಒಂದೇ ಗೆರೆ. ಆ ಕಾಲದವರ ಹಳದಿ ಸೀಸ ಮತ್ತು ತವರದ್ದು, ವಿಷ. ನೀನು ನಿಂಬೆ ಹಳದಿಗೆ ಬಿಳಿ, ಒಂದಿಷ್ಟು ಹಳದಿ ಓಕರ್ (ಮಣ್ಣಿನ ಹಳದಿ) ಬೆರೆಸಿಕೋ. ಸೀಸದ ಬಿಳಿಗೆ ಬದಲು ಟೈಟೇನಿಯಂ ವೈಟ್ ಬಳಸುವಾಗ ಕೈ ಬಿಗಿಹಿಡಿ. ಅದರ ಜೋರು ಹೆಚ್ಚು, ಸ್ವಲ್ಪ ಜಾಸ್ತಿಯಾದರೂ ಬೆಣ್ಣೆ ಸುಣ್ಣವಾಗುತ್ತದೆ. (ಚೀಸಿನ ಮೇಲೆ ಬೆಣ್ಣೆ ಪೇರಿಸಿದ್ದು ಸುಮ್ಮನೆ ಅಲ್ಲ. ಹಾಲಿನ ಪದಾರ್ಥದ ಮೇಲೆ ಹಾಲಿನ ಪದಾರ್ಥ ಸೈತಾನನ ಕೆಲಸ ಎಂದು ಡಚ್ಚರಲ್ಲಿ ಗಾದೆಯೇ ಇದೆ.)

ಗಾಜನ್ನು ಬರೆಯಲು ಹೋಗಬೇಡ, ಅದರ ಹಿಂದಿನ ಕತ್ತಲು ಬರೆ. ಅದು ಪೂರ್ತಿ ಒಣಗಿದ ಮೇಲೆ ಅಂಚಿಗೊಂದು ಗೆರೆ, ಕಿಟಕಿಯ ಬೆಳಕಿಗೊಂದು ಚುಕ್ಕೆ. ಅತಿ ಬಿಳಿಯ ಚುಕ್ಕೆಗಳು ಇಡೀ ಚಿತ್ರದಲ್ಲಿ ಏಳೆಂಟು ದಾಟದಿರಲಿ. ಎಲ್ಲವೂ ಹೊಳೆದರೆ ಯಾವುದೂ ಹೊಳೆಯುವುದಿಲ್ಲ.

ಚಾಕುವಿನ ಹಿಡಿಯ ಮೇಲೆ ಆಕೆಯ ಹೆಸರು ಕೆತ್ತಿದಂತಿದೆ ನೋಡು. ಸಹಿ ಅದೇ. ಅಕ್ಷರಗಳನ್ನು ಕಪ್ಪಿನಲ್ಲಿ ಬರೆದು, ಒಂದು ಬದಿಗೆ ಕೂದಲೆಳೆಯಷ್ಟು ಬೆಳಕು ಕೊಡು, ಕೆತ್ತನೆ ಮೂಡುತ್ತದೆ.

ಕಟ್ಟಕಡೆಗೆ ಹೂಜಿಯ ತವರದ ಮುಚ್ಚಳ. ಅಲ್ಲಿ ಪ್ರತಿಬಿಂಬವಾಗಿ ಕೂತವಳು ಕ್ಲಾರಾಳೇ. ಕಣ್ಣು, ಮೂಗು ಬಿಡಿಸಬೇಡ. ಮುಖಕ್ಕೊಂದು ತಿಳಿ ಮಚ್ಚೆ, ಸುತ್ತ ಒಂದಿಷ್ಟು ಕಪ್ಪು, ಸಣ್ಣ ಕುಂಚದ ಮೂರು ನಾಲ್ಕು ಸ್ಪರ್ಶ ಸಾಕು. ಆ ಜಾಗದಲ್ಲಿ ಅವಳನ್ನೇ ಬರೆಯುತ್ತೀಯೋ, ನಿನ್ನನ್ನೋ? ಮುಂದಿನ ಪತ್ರದಲ್ಲಿ ತಿಳಿಸು.

ನಿನ್ನ ಗೆಳೆಯ