ತಂಗಿಗೆ, ಮತ್ತು ಜೊತೆಗಿದ್ದ ಎಲ್ಲರಿಗೂ

ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎತ್ತಿಕಟ್ಟುವ ಚಿಕಿತ್ಸೆ, ಎರಡು ವರ್ಷಗಳ ಇಮ್ಯುನೋಥೆರಪಿ, ಕಳೆದ ವಾರ ಮುಗಿಯಿತು; ಸ್ಕ್ಯಾನ್‌ನಲ್ಲಿ ಕರುಳಿನ ಕ್ಯಾನ್ಸರ್ ಗಡ್ಡೆಯ ಕುರುಹು ಉಳಿದಿಲ್ಲ. ಕಾಯಿಲೆಯ ಕಥೆ ನಿಮಗೆಲ್ಲ ತಿಳಿದದ್ದೇ. ವೈದ್ಯರು, ದಾದಿಯರು, ನನ್ನ ಪಾಲಿನ ಕೆಲಸ ಹೊತ್ತ ಸಹೋದ್ಯೋಗಿಗಳು, ರಕ್ತ ಕೊಟ್ಟ ಗೆಳೆಯರು, ಎಲ್ಲರಿಗೂ ನಾನು ಋಣಿ.

ಗಡ್ಡೆಯ ತುಣುಕನ್ನು ಇನ್ನೊಂದು ಪರೀಕ್ಷೆಗೆ ಒಳಪಡಿಸಬೇಕೆಂದು ಸೂಚಿಸಿದ ಪೆಥಾಲಜಿಸ್ಟ್ ಅವರನ್ನು ನಾನು ಕಂಡೇ ಇಲ್ಲ. ಡಿಎನ್‌ಎ ನಕಲಾಗುವಾಗ ಉಳಿಯುವ ತಪ್ಪುಗಳನ್ನು ತಿದ್ದುವ ಎಂಎಸ್‌ಎಚ್2 ಜೀನ್‌ನ ದೋಷ, ಅಂದರೆ ಕರುಳಿನ ಕ್ಯಾನ್ಸರ್‌ನ ಸಾಧ್ಯತೆ ಹೆಚ್ಚಿಸುವ ಲಿಂಚ್ ಸಿಂಡ್ರೋಮ್, ಅಪ್ಪನಿಂದ ನನಗೆ ಬಂದಿತ್ತೆಂಬುದು ಹೊರಬಿದ್ದದ್ದು ಅವರಿಂದಾಗಿ. ಕ್ಯಾನ್ಸರ್ ತಂದ ಅದೇ ದೋಷ ಗಡ್ಡೆಯ ತುಂಬ ಅಪರಿಚಿತ ಪ್ರೋಟೀನುಗಳನ್ನು ಹುಟ್ಟಿಸಿ, ಅದನ್ನು ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳ ಕಣ್ಣಿಗೆ ಬೀಳುವಂತೆಯೂ ಮಾಡಿತ್ತು. ಆ ಕೋಶಗಳನ್ನು ತಡೆದಿದ್ದ ಪಿಡಿ-1 ಎಂಬ ಕಡಿವಾಣವನ್ನು ಔಷಧ ಸಡಿಲಿಸಿತು. 1992ರಲ್ಲಿ ಪಿಡಿ-1 ಅನ್ನು ಗುರುತಿಸಿ, 2018ರ ನೊಬೆಲ್ ಪುರಸ್ಕಾರವನ್ನು ಜೇಮ್ಸ್ ಆಲಿಸನ್ ಅವರೊಂದಿಗೆ ಹಂಚಿಕೊಂಡ ತಸುಕು ಹೊಂಜೊ ಅವರನ್ನೂ ನೆನೆಯುತ್ತೇನೆ.

ಇನ್ನು ನನ್ನ ತಂಗಿ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಎರಡನೆಯ ಡೋಸ್‌ನ ನಂತರ, ಕಡಿವಾಣ ಕಳಚಿದ ರೋಗನಿರೋಧಕ ಕೋಶಗಳು ಆರೋಗ್ಯವಾಗಿದ್ದ ಕರುಳಿನ ಮೇಲೂ ತಿರುಗಿಬಿದ್ದ ರಾತ್ರಿ, ಎಷ್ಟು ಸಲ ಎದ್ದೆ, ಯಾವಾಗ ರಕ್ತ ಹೋಯಿತು ಎಂಬುದನ್ನೆಲ್ಲ ಅವಳು ಗಂಟೆ ಸಹಿತ ಬರೆದಿಟ್ಟಳು. ಹಾಸಿಗೆಯ ಬಟ್ಟೆಯನ್ನು ಮೂರು ಸಲ ಬದಲಿಸಿದಳು. ಬೆಳಿಗ್ಗೆ ನೋಡೋಣವೆಂದ ನನ್ನ ಮಾತಿಗೆ ಕಿವಿಗೊಡದೆ ವೈದ್ಯರನ್ನು ಎಬ್ಬಿಸಿ, ಬೆಳಕು ಹರಿಯುವ ಮೊದಲೇ ಆ ಕೋಶಗಳನ್ನು ಹತ್ತಿಕ್ಕುವ ಸ್ಟೀರಾಯ್ಡ್ ಸಿಗುವಂತೆ ಮಾಡಿದಳು. ನೋವಿನಲ್ಲಿ ನಾನು, "ಈ ಸಂಕಟ ನಿನಗೇನು ಗೊತ್ತು" ಎಂದು ಅವಳ ಮೇಲೆ ರೇಗಿದೆ.

ಆ ಸಂಜೆಯಷ್ಟೇ ಅವಳ ರಕ್ತಪರೀಕ್ಷೆಯ ವರದಿ ಬಂದಿತ್ತು. ಒಡಹುಟ್ಟಿದವರಿಗೆ ಈ ದೋಷ ಬಂದಿರುವ ಸಾಧ್ಯತೆ ಸರಿಯಾಗಿ ಅರ್ಧ, ಅವಳಿಗೂ ಬಂದಿತ್ತು. ರಾತ್ರಿಯಿಡೀ ಆ ಕಾಗದ ಅವಳ ಚೀಲದಲ್ಲೇ ಇತ್ತು. ನನ್ನ ಕರುಳು ಮಾಯುವವರೆಗೆ, ಮೂರು ವಾರ, ಅವಳು ಅದರ ಸುದ್ದಿಯನ್ನೇ ಎತ್ತಲಿಲ್ಲ. ತಂಗೀ, ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಾರೆ. ಕ್ಷಮಿಸು.

ಅವಳ ಮೊದಲ ಕೊಲೊನೋಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾ ಕೊಳವೆಯಿಂದ ಕರುಳಿನ ಒಳಗನ್ನು ನೋಡುವ ತಪಾಸಣೆಯಲ್ಲಿ, ಸಿಕ್ಕ ಪಾಲಿಪ್ ಎಂಬ ಸಣ್ಣ ಬೆಳವಣಿಗೆಯನ್ನು ಅಲ್ಲಿಯೇ ತೆಗೆದರು. ಅದಿನ್ನೂ ಕ್ಯಾನ್ಸರ್ ಆಗಿರಲಿಲ್ಲ. ಮುಂದಿನ ತಪಾಸಣೆಗೆ ನಾನು ಜೊತೆಗೆ ಹೋಗುತ್ತೇನೆ.

ಅಪ್ಪನ ಕಡೆಯ ಅಣ್ಣ, ಅಕ್ಕಂದಿರಲ್ಲಿ ಒಂದು ಬೇಡಿಕೆ: ದಯವಿಟ್ಟು ಜೆನೆಟಿಕ್ ಸಲಹೆಗಾರರನ್ನು ಕಾಣಿ. ಯಾವ ದೋಷವನ್ನು ಹುಡುಕಬೇಕೆಂದು ತಿಳಿಯಲು ಅವರಿಗೆ ನನ್ನ ವರದಿ ಬೇಕಾಗುತ್ತದೆ. ಅದರ ಪ್ರತಿ ತಂಗಿಯ ಬಳಿ ಇದೆ, ಕೇಳಿದ ದಿನವೇ ಕಳುಹಿಸುತ್ತಾಳೆ.