ರೈಲಿನಲ್ಲಿ ಲೆಕ್ಕ ಹೇಳಿಕೊಟ್ಟ ಹಿರಿಯರಿಗೆ

ಕಳೆದ ಭಾನುವಾರ ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ನಮ್ಮೆದುರು ಕೂತಿದ್ದ ಹಿರಿಯರೇ, ನಿಮ್ಮ ಹೆಸರು ಕೇಳುವುದನ್ನೇ ಮರೆತೆವು.

ಮಗಳು ಎಸ್ಸೆಸ್ಸೆಲ್ಸಿ. ಮಂಡ್ಯ ದಾಟಿದರೂ ತ್ರಿಕೋನಮಿತಿಯ ಒಂದೇ ಲೆಕ್ಕಕ್ಕೆ ಜೋತುಬಿದ್ದಿದ್ದಳು. ಸೈನ್ ಥೀಟಾವನ್ನು 1 ಕೂಡಿಸು ಕಾಸ್ ಥೀಟಾದಿಂದ ಭಾಗಿಸಿದರೆ, 1 ಕಳೆ ಕಾಸ್ ಥೀಟಾವನ್ನು ಸೈನ್ ಥೀಟಾದಿಂದ ಭಾಗಿಸಿದಷ್ಟೇ ಬರುತ್ತದೆ ಎಂದು ಸಾಧಿಸಬೇಕಿತ್ತು. ಅವಳು ಅಡ್ಡಗುಣಾಕಾರ ಮಾಡಿ 'ಮುಗೀತು' ಎಂದಳು. ನೀವು ಕನ್ನಡಕ ಸರಿಮಾಡಿಕೊಂಡು, "ಸಾಧಿಸಬೇಕಾದ್ದನ್ನೇ ಮೊದಲು ನಿಜ ಅಂದ್ಕೊಂಡುಬಿಟ್ಟೆಯಲ್ಲಮ್ಮ!" ಎಂದಿರಿ.

ಆಮೇಲೆ ಟಿಕೆಟ್ಟಿನ ಹಿಂಬದಿಯಲ್ಲೇ ಬರೆದಿರಿ. ಬಲಭಾಗ ಮುಟ್ಟಬೇಡ. ಎಡಭಾಗದ ಅಂಶ, ಛೇದ ಎರಡನ್ನೂ 1 ಕಳೆ ಕಾಸ್ ಥೀಟಾದಿಂದ ಗುಣಿಸು. ಕೆಳಗೆ 1 ಕಳೆ ಕಾಸ್ ವರ್ಗ, ಅಂದರೆ ಸೈನ್ ವರ್ಗ. ಮೇಲಿನ ಸೈನ್ ಒಂದು ಹೊಡೆದುಹೋಯಿತು. ಉಳಿದದ್ದೇ ಬಲಭಾಗ! ಮಗಳ ಮುಖ ನೋಡಬೇಕಿತ್ತು. (ನಾನೂ ಬಾಯಿ ತೆರೆದುಕೊಂಡೇ ಕೂತಿದ್ದೆ, ಬಿಡಿ.)

ಥೀಟಾ ಅನ್ನೋ ಕೋನದ ಜಾಗದಲ್ಲಿ 60 ಡಿಗ್ರಿ ಹಾಕಿ ನೋಡು ಎಂದಿರಿ. ಎರಡೂ ಕಡೆ 1 ಭಾಗಿಸು ವರ್ಗಮೂಲ 3 ಬಂತು. "ಹಾಗಾದ್ರೆ ಸುಮ್ನೆ ಇಷ್ಟೇ ಬರೆದ್ರೆ ಸಾಕಲ್ವಾ ತಾತ?" ಎಂದಳು. ಒಂದು ಕೋನಕ್ಕೆ ಸರಿಬಂದರೆ ಎಲ್ಲದಕ್ಕೂ ಸರಿ ಅಂತಲ್ಲ, ಆದರೆ ಒಂದಕ್ಕೆ ತಪ್ಪಿದರೂ ಅದು ನಿತ್ಯಸಮೀಕರಣವೇ (ಅಂದರೆ ಎಲ್ಲ ಕೋನಕ್ಕೂ ನಿಜವಾಗುವ ಸಮೀಕರಣವೇ) ಅಲ್ಲ ಎಂದು ನಕ್ಕಿರಿ.

ಟ್ಯೂಷನ್ನಿಗೆ ನಾನು ಸುರಿದ ದುಡ್ಡಿಗಿಂತ ನಿಮ್ಮ ಆ ಅರ್ಧ ಗಂಟೆಯೇ ಜಾಸ್ತಿ ಎನಿಸಿತು. ರಾಮನಗರದಲ್ಲಿ ಚೀಲ ಹೆಗಲಿಗೇರಿಸಿ ಇಳಿದುಹೋದಿರಿ. ತುಂಬಾ ಧನ್ಯವಾದ ಸರ್. ಆ ಟಿಕೆಟ್ ಈಗ ಅವಳ ಗಣಿತ ಪುಸ್ತಕದೊಳಗಿದೆ.