ಭಾನುವಾರದ ಚರ್ಚೆ: ತೈಲ ಮುಗಿಯುತ್ತಿದೆಯಾ?

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಇದೇ ಗುಂಪಿನಲ್ಲಿ ಕಚ್ಚಾ ತೈಲದ ಬಗ್ಗೆ ಚರ್ಚೆ ಇದೆ. ಅದಕ್ಕೆ ಮುಂಚೆ ಒಂದು ವಿನಂತಿ. ‘ಇನ್ನು 50 ವರ್ಷಕ್ಕೆ ತೈಲ ಖಾಲಿ’ ಅನ್ನುವ ಫಾರ್ವರ್ಡ್ ಮೆಸೇಜ್‌ಗಳನ್ನು ಸುಮ್ನೆ ತಂದು ಹಾಕಬೇಡಿ.

ಈಗ ಗೊತ್ತಿರುವ ನಿಕ್ಷೇಪವನ್ನು ವರ್ಷದ ಬಳಕೆಯಿಂದ ಭಾಗಿಸಿದರೆ ಆ ಅಂಕಿ ಬರುತ್ತದೆ. ಆದರೆ ನೆಲದಡಿ ಇರುವ ತೈಲವೆಲ್ಲ ಈ ಲೆಕ್ಕಕ್ಕೆ ಸೇರುವುದಿಲ್ಲ. ಇವತ್ತಿನ ಬೆಲೆಗೆ, ಇವತ್ತಿನ ತಂತ್ರಜ್ಞಾನದಲ್ಲಿ ನಷ್ಟವಿಲ್ಲದೆ ತೆಗೆಯಬಹುದಾದದ್ದು ಮಾತ್ರ ಸೇರುತ್ತದೆ. ಬೆಲೆ ಏರಿದರೆ ನಿಕ್ಷೇಪದ ಅಂಕಿಯೂ ಏರಬಹುದು.

ಕಿಂಗ್ ಹಬ್ಬರ್ಟ್ ಬಗ್ಗೆ ಎರಡೂ ಕಡೆಯವರು ಓದಿಕೊಂಡು ಬನ್ನಿ. ಅಮೆರಿಕದ ತೈಲ ಉತ್ಪಾದನೆ 1965–70ರ ಸುಮಾರಿಗೆ ತುದಿ ಮುಟ್ಟಿ ಇಳಿಯುತ್ತದೆ ಎಂದು ಈ ಭೂವಿಜ್ಞಾನಿ 1956ರಲ್ಲೇ ಹೇಳಿದ್ದರು. 1970ರಲ್ಲಿ ಹಾಗೇ ಆಯಿತು. ಆಮೇಲೆ ದಶಕಗಳ ಕಾಲ ಇಳಿಯಿತು. ಕೊನೆಗೆ ಟೆಕ್ಸಾಸ್, ನಾರ್ತ್ ಡಕೋಟಾಗಳಲ್ಲಿ ಶೇಲ್ ಬಂಡೆ ಸೀಳಿ ತೈಲ ತೆಗೆಯುವುದು ಜೋರಾಯಿತು. 2018ರಲ್ಲಿ ಹಳೆಯ ದಾಖಲೆಯೇ ಮುರಿಯಿತು!

ಹಾಗಂತ ಚಿಂತೆ ಬೇಡ ಅನ್ನಲು ಆಗುವುದಿಲ್ಲ. ಶೇಲ್ ಬಾವಿಯ ಇಳುವರಿ ಮೊದಲ ವರ್ಷದಲ್ಲೇ ಭಾರಿ ಕುಸಿಯುತ್ತದೆ. ಹೊಸದು ಕೊರೆಯುತ್ತಲೇ ಇರಬೇಕು. ಅಗ್ಗದ ತೈಲ ಎಷ್ಟು ಉಳಿದಿದೆ, ಎಷ್ಟು ಸುಟ್ಟರೆ ಭೂಮಿ ತಡೆದೀತು ಅನ್ನುವುದೇ ನನಗೆ ದೊಡ್ಡ ಪ್ರಶ್ನೆ. ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಜಾಸ್ತಿ ಆಮದು ಮಾಡುವ ನಮ್ಮ ದೇಶಕ್ಕೆ ಇದು ದೂರದ ಮಾತಲ್ಲ, ಅಲ್ವಾ?

ಮಾತಾಡುವವರು ಶನಿವಾರ ರಾತ್ರಿಯೊಳಗೆ ಹೆಸರು ಕೊಡಿ. ಅಂಕಿ ಕೊಟ್ಟರೆ ಅದು ಯಾವ ವರ್ಷದ್ದು ಅಂತಲೂ ದಯವಿಟ್ಟು ಹೇಳಿ.